ಛಾವಣಿಯ ಕಾರ್ಲ್‌ಸನ್ ಆ ಹುಡುಗನಿಗೆ ನಿಜವಾಗಿ ಸಿಕ್ಕಿದ್ದನೇ?

ಹಳೇರೀಲು

ಮಾಸ್ಕೋದ ಸೊಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೊ 1968ರಲ್ಲಿ ತಯಾರಿಸಿದ ‘ಮಾಲಿಶ್ ಮತ್ತು ಕಾರ್ಲ್‌ಸನ್’ (ಮಾಲಿಶ್ ಎಂದರೆ ರಷ್ಯನ್ ಭಾಷೆಯಲ್ಲಿ ಪುಟ್ಟ ಹುಡುಗ) ಎಂಬ ಸುಮಾರು ಇಪ್ಪತ್ತು ನಿಮಿಷಗಳ ಅನಿಮೇಷನ್ ಕಿರುಚಿತ್ರವನ್ನು ಕುರಿತು ಇಲ್ಲಿ ಚರ್ಚೆಯಾಗಬೇಕೆಂಬುದು ನನ್ನ ಬಹುದಿನಗಳ ಆಸೆ. ಬೋರಿಸ್ ಸ್ತೆಪಾಂತ್ಸೆವ್ ನಿರ್ದೇಶಿಸಿದ ಈ ಚಿತ್ರಕ್ಕೆ ಸ್ವೀಡನ್ನಿನ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ 1955ರ ಮಕ್ಕಳ ಪುಸ್ತಕವೇ ಆಧಾರ. ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸ್ಟಾಕ್‌ಹೋಮ್ ನಗರದ ಒಂದು ಸಾಧಾರಣ ಮನೆಯ ಕಿರಿಯ ಮಗನಿಗೆ ನಾಯಿಮರಿ ಬೇಕು, ಮನೆಯವರು ಕೊಡಿಸುವುದಿಲ್ಲ. ಒಂದು ದಿನ ಅವನ ಕೋಣೆಯ ಕಿಟಕಿಯಿಂದ, ಬೆನ್ನ ಮೇಲೆ ಪ್ರೊಪೆಲ್ಲರ್ ಮತ್ತು ಹೊಟ್ಟೆಯ ಮೇಲೆ ಅದನ್ನು ಚಾಲೂ ಮಾಡುವ ಗುಂಡಿ ಇರುವ ಕುಳ್ಳ ದಢೂತಿ ಮನುಷ್ಯನೊಬ್ಬ ಹಾರಿ ಬರುತ್ತಾನೆ. ಮನೆಯ ಜಾಮನ್ನು ಖಾಲಿ ಮಾಡುತ್ತಾನೆ, ತೂಗುದೀಪಕ್ಕೆ ಜೋತುಬಿದ್ದು ಅದನ್ನು ಕೆಡವುತ್ತಾನೆ, ಹುಡುಗನನ್ನು ಛಾವಣಿಯ ಮೇಲಿರುವ ತನ್ನ ಪುಟ್ಟ ಮನೆಗೆ ಹೊತ್ತೊಯ್ಯುತ್ತಾನೆ. ಹುಟ್ಟುಹಬ್ಬದ ದಿನ ಹುಡುಗನಿಗೆ ಕೊನೆಗೂ ನಾಯಿಮರಿ ಸಿಗುತ್ತದೆ. ಕಾರ್ಲ್‌ಸನ್ ಮುನಿಸಿಕೊಂಡು ಹಾರಿಹೋಗುತ್ತಾನೆ.

ಒಂಟಿ ಮಗುವಿನ ಕಾಲ್ಪನಿಕ ಗೆಳೆಯನ ಕಥೆ ಎಂದು ಈ ಚಿತ್ರವನ್ನು ಎಲ್ಲರೂ ಸಲೀಸಾಗಿ ಕರೆದುಬಿಡುತ್ತಾರೆ. ಲಿಂಡ್‌ಗ್ರೆನ್ ಅವರ ಪುಸ್ತಕಕ್ಕೆ ಈ ಮಾತು ಪೂರ್ತಿಯಾಗಿ ಹೊಂದುವುದಿಲ್ಲ. ಅಲ್ಲಿ ಹುಡುಗನ ಗೆಳೆಯರಾದ ಕ್ರಿಸ್ಟರ್ ಮತ್ತು ಗುನಿಲ್ಲಾ ಕಾರ್ಲ್‌ಸನ್ನನನ್ನು ನೋಡುತ್ತಾರೆ, ಕೊನೆಯ ಅಧ್ಯಾಯದಲ್ಲಿ ತಂದೆ, ತಾಯಿ, ಅಣ್ಣ, ಅಕ್ಕ ಎಲ್ಲರೂ ಕಣ್ಣಾರೆ ಕಂಡು, ಹೊರಗೆ ಯಾರಿಗೂ ಹೇಳಕೂಡದೆಂದು ತಮ್ಮತಮ್ಮಲ್ಲೇ ತೀರ್ಮಾನಿಸುತ್ತಾರೆ. 1968ರ ಚಿತ್ರ ಈ ಭೇಟಿಯನ್ನು ಕೈಬಿಟ್ಟಿದೆ. ಮನೆಮಂದಿ ನೋಡದೆ ಉಳಿದದ್ದರಿಂದಲೇ ಕಾರ್ಲ್‌ಸನ್ ಇದ್ದನೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟುತ್ತದೆ, ಮತ್ತು ಆ ಪ್ರಶ್ನೆಯೇ ಚಿತ್ರದ ಜೀವಾಳ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಅನಿಸಿಕೆಗಳನ್ನು ತಿಳಿಸಿ.

ಗೆರೆಗಾರ

ಚಿತ್ರ ಬಿಡಿಸುವುದೇ ನನ್ನ ಕಸುಬಾದ್ದರಿಂದ ಕಥೆಗಿಂತ ಮೊದಲು ಗೆರೆಗಳ ಮಾತನ್ನಾಡುತ್ತೇನೆ. ಪಾತ್ರಗಳನ್ನು ರೂಪಿಸಿದವರು ಅನಾತೊಲಿ ಸಾವ್ಚೆಂಕೊ. ಇದೇ ನಿರ್ದೇಶಕ ಮತ್ತು ಇದೇ ಕಲಾವಿದ ಸೇರಿ 1965ರಲ್ಲಿ ಮಾಡಿದ ವೋವ್ಕಾ ಎಂಬ ಸೋಮಾರಿ ಹುಡುಗನ ಚಿತ್ರ ಬಣ್ಣಗಳ ಜಾತ್ರೆಯಾಗಿತ್ತು. ಅದನ್ನು ನೋಡಿ ಇದಕ್ಕೆ ಬಂದರೆ ಬೇರೆಯೇ ಕೈಗಳು ಮಾಡಿದ್ದೆಂದು ಅನ್ನಿಸುವಷ್ಟು ಇಲ್ಲಿನ ಲೋಕ ಮಾಸಲಾಗಿದೆ. ಬೀದಿ ಬೂದು, ಗೋಡೆ ಬೂದು, ಛಾವಣಿಗಳೂ ಹೊಗೆಗೂಡುಗಳೂ ಬೂದು. ಹುಡುಗನ ದೇಹವಾದರೋ ಕಡ್ಡಿ, ಮುಖದಲ್ಲಿ ಕಣ್ಣುಗಳೇ ಮುಖ್ಯ. ಕೋಣೆಯಲ್ಲಿ ಅವನು ಒಬ್ಬನೇ ಇರುವ ಚೌಕಟ್ಟುಗಳಲ್ಲಿ ಅವನ ಸುತ್ತ ಬಿಟ್ಟಿರುವ ಖಾಲಿ ಜಾಗವನ್ನು ಗಮನಿಸಿ. ಅವನು ಒಂಟಿಯೆಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಅಲ್ಲಿ ಬೀಳುವುದಿಲ್ಲ. ಕಾರ್ಲ್‌ಸನ್ ಒಳಗೆ ಬಂದೊಡನೆ ಚೌಕಟ್ಟು ತುಂಬಿಹೋಗುತ್ತದೆ. ಅವನ ಹೊಟ್ಟೆಯೇ ಅರ್ಧ ಪರದೆಯನ್ನು ಆಕ್ರಮಿಸುತ್ತದೆ ಎಂದರೆ ತಪ್ಪಾಗಲಾರದು.

ಇನ್ನೊಂದು ತಾಂತ್ರಿಕ ವಿಷಯವೂ ಇಲ್ಲಿ ಪ್ರಸ್ತುತ. ಹಳೆಯ ಪದ್ಧತಿಯಲ್ಲಿ ಕಲಾವಿದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಚಿತ್ರವನ್ನು ಬೇರೊಬ್ಬರು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗೆ ಶಾಯಿಯಲ್ಲಿ ತಿದ್ದಿ ಇಳಿಸುತ್ತಿದ್ದರು. ಹಾಗೆ ಇಳಿಯುವಾಗ ಗೆರೆ ನಯವಾಗುತ್ತಿತ್ತು, ಜೊತೆಗೆ ಸ್ವಲ್ಪ ಸಪ್ಪೆಯೂ ಆಗುತ್ತಿತ್ತು. ಫೋಟೊಕಾಪಿ ಯಂತ್ರದ ತತ್ವವನ್ನೇ ಬಳಸಿ ಪೆನ್ಸಿಲ್ ಗೆರೆಯನ್ನು ನೇರವಾಗಿ ಹಾಳೆಗೆ ಇಳಿಸುವ ವಿಧಾನವನ್ನು ಡಿಸ್ನಿ ಸ್ಟುಡಿಯೊ ಡಾಲ್ಮೇಷನ್ ನಾಯಿಮರಿಗಳ ಕಥೆಯಿರುವ 1961ರ ಪೂರ್ಣ ಪ್ರಮಾಣದ ಚಿತ್ರಕ್ಕೆ ಬಳಸಿಕೊಂಡಿತು. ಸೋವಿಯತ್ ಅನಿಮೇಷನ್ನಿನಲ್ಲಿ ಆ ವಿಧಾನವನ್ನು ಮೊದಮೊದಲಿಗೆ ಬಳಸಿಕೊಂಡ ಚಿತ್ರಗಳ ಸಾಲಿನಲ್ಲಿ ‘ಮಾಲಿಶ್ ಮತ್ತು ಕಾರ್ಲ್‌ಸನ್’ ನಿಲ್ಲುತ್ತದೆ. ಆದ್ದರಿಂದಲೇ ಇಲ್ಲಿನ ಗೆರೆಗಳಲ್ಲಿ ಕೈಯ ಅದುರು ಉಳಿದುಕೊಂಡಿದೆ, ಕಾರ್ಲ್‌ಸನ್ನನ ಕೆದರಿದ ಕೂದಲು ಈಗತಾನೇ ಗೀಚಿದಂತೆ ಕಾಣುತ್ತದೆ. ಹುಡುಗ ತನ್ನ ಬೇಸರ ಕಳೆಯಲು ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿಕೊಂಡವನೇ ಎದ್ದು ಬಂದಿದ್ದಾನೆಂಬ ಭಾವನೆ ಬರಲು ಈ ತಂತ್ರವೂ ಒಂದು ಕಾರಣವಿರಬಹುದು.

ತುಂಗಾತೀರ

ಹಳೇರೀಲು ಅವರ ವಾದವನ್ನು ನಾನು ಒಪ್ಪಲಾರೆ. ಛಾವಣಿಯ ಮೇಲೆ ಒಣಹಾಕಿದ ಬಟ್ಟೆಗಳನ್ನು ಕದಿಯಲು ಬಂದ ಇಬ್ಬರು ಕಳ್ಳರು, ಬಿಳಿ ಹೊದಿಕೆ ಹೊದ್ದು ಭೂತದ ವೇಷದಲ್ಲಿ ಎರಗಿದ ಕಾರ್ಲ್‌ಸನ್ನನಿಂದ ಹೆದರಿ ಓಡುತ್ತಾರಲ್ಲ, ಅವರು ಕಂಡದ್ದೇನನ್ನು? ತೂಗುದೀಪ ನಿಜವಾಗಿ ಬಿದ್ದಿದೆ, ಜಾಮ್ ನಿಜವಾಗಿ ಖಾಲಿಯಾಗಿದೆ. ಕಲ್ಪನೆಯ ಗೆಳೆಯ ನಿಜವಾದ ಜಾಮನ್ನು ತಿನ್ನುವುದುಂಟೇ? ಕಥೆಯನ್ನು ಕಥೆಯಾಗಿ ನೋಡದೆ ಎಲ್ಲವನ್ನೂ ಮನಸ್ಸಿನೊಳಗೆ ತುರುಕುವುದು ದೊಡ್ಡವರ ಚಟ. ಮಗುವಿಗೆ ಪ್ರೊಪೆಲ್ಲರ್ ಇರುವ ಮನುಷ್ಯ ಹಾರಿದನೆಂದರೆ ಹಾರಿದ, ಅಷ್ಟೇ.

ಇನ್ನೊಂದು ಮಾತು. ಕದ್ದು ತಿನ್ನುವ ತುಂಟನೆಂದ ಮೇಲೆ ನಮ್ಮವರಿಗೆ ಬೆಣ್ಣೆಕೃಷ್ಣ ನೆನಪಾಗದೆ ಇರುವುದಿಲ್ಲ. ಕಾರ್ಲ್‌ಸನ್ನನೂ ಆ ವಂಶದವನೇ ಎಂದು ತಿಳಿದು ನೋಡಿದರೆ ಸಾಕು.

ಹಳೇರೀಲು

ಬಿದ್ದ ದೀಪಕ್ಕೂ ಖಾಲಿಯಾದ ಜಾಮಿಗೂ ಮನೆಯಲ್ಲಿ ಇನ್ನೊಬ್ಬ ಆರೋಪಿ ಇದ್ದೇ ಇದ್ದಾನಲ್ಲ! ದೀಪ ಬಿದ್ದದ್ದಕ್ಕೆ ಶಿಕ್ಷೆಯಾಗಿ ಮೂಲೆಯಲ್ಲಿ ನಿಲ್ಲಬೇಕಾದವನು ಹುಡುಗನೇ. ‘ನಾನಲ್ಲ, ಕಾರ್ಲ್‌ಸನ್ ಮಾಡಿದ್ದು’ ಎಂಬ ಮಾತನ್ನು ನಂಬಲು ಯಾವ ತಾಯಿಗೂ ಆಧಾರವಿಲ್ಲ. ಕಳ್ಳರ ದೃಶ್ಯ ಮಾತ್ರ ಗಟ್ಟಿಯಾದ ಆಕ್ಷೇಪಣೆ, ಒಪ್ಪುತ್ತೇನೆ. ಆದರೂ ಅವರು ನೋಡಿದ್ದು ಹೊದಿಕೆಯನ್ನೇ ಹೊರತು ಒಳಗಿದ್ದವನನ್ನಲ್ಲ ಎಂಬುದನ್ನು ಮರೆಯಬಾರದು. ಚಿತ್ರ ತಯಾರಿಸಿದವರು ಪುರಾವೆಗಳನ್ನು ಎರಡೂ ಕಡೆಗೆ ಸಮವಾಗಿ ಹಂಚಿಟ್ಟು ಸುಮ್ಮನಾಗಿದ್ದಾರೆ.

ಬೆಣ್ಣೆಕೃಷ್ಣನ ಹೋಲಿಕೆ ಸೊಗಸಾಗಿದೆ, ಆದರೆ ಇಲ್ಲಿ ಅದು ತಿರುಗುಮುರುಗಾಗುತ್ತದೆ. ಕೃಷ್ಣನ ತುಂಟತನದ ಸೊಗಸೆಲ್ಲ ಯಶೋದೆಯ ನೋಟದಲ್ಲಿದೆ. ಅವಳು ನೋಡುತ್ತಾಳೆ, ಗದರುತ್ತಾಳೆ, ಎತ್ತಿ ಆಡಿಸುತ್ತಾಳೆ. ಈ ಹುಡುಗನ ತಾಯಿ ಒಳ್ಳೆಯವಳೇ, ಆದರೆ ಮನೆಯಲ್ಲಿ ನಡೆಯುತ್ತಿರುವ ಅತಿ ಮುಖ್ಯವಾದ ಸಂಗತಿ ಅವಳ ಕಣ್ಣಿಗೆ ಬೀಳುವುದೇ ಇಲ್ಲ.

ಚಿಣ್ಣರಲೋಕ

ಶಾಲಾಪೂರ್ವ ಮಕ್ಕಳೊಡನೆ ಕೆಲಸ ಮಾಡುವವಳಾಗಿ ಎರಡು ಸಂಗತಿಗಳನ್ನು ಸೇರಿಸಲು ಬಯಸುತ್ತೇನೆ. ಕಾಲ್ಪನಿಕ ಗೆಳೆಯರನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದವರು ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಮಾರ್ಜರಿ ಟೇಲರ್. ಅವರೂ ಸಹೋದ್ಯೋಗಿಗಳೂ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷದೊಳಗೆ ಯಾವುದಾದರೊಂದು ಹಂತದಲ್ಲಿ ಕಾಲ್ಪನಿಕ ಗೆಳೆಯನನ್ನು ಹೊಂದಿದ್ದ ಮಕ್ಕಳ ಪ್ರಮಾಣ ಶೇ. 65ರಷ್ಟಿತ್ತು. ವ್ಯಕ್ತಿತ್ವವನ್ನು ಆರೋಪಿಸಿಕೊಂಡ ಗೊಂಬೆಗಳನ್ನೂ ಅವರು ಈ ಲೆಕ್ಕಕ್ಕೆ ಸೇರಿಸಿದ್ದಾರೆಂಬುದನ್ನು ನೆನಪಿನಲ್ಲಿಡಬೇಕು. ಅಧ್ಯಯನದ ಸಹಲೇಖಕಿಯೊಬ್ಬರ ಉಪನಾಮ ಕಾರ್ಲ್‌ಸನ್ ಎಂದಿರುವುದು ಕೇವಲ ಕಾಕತಾಳೀಯ, ಆದರೂ ಓದಿದಾಗ ನಗು ಬಂತು.

ಇಂಥ ಮಕ್ಕಳೆಲ್ಲರೂ ಒಂಟಿಗಳೋ ನಾಚಿಕೆಯವರೋ ಆಗಿರುತ್ತಾರೆ ಎಂಬ ಹಳೆಯ ನಂಬಿಕೆಗೆ ಟೇಲರ್ ಅವರ ಸಂಶೋಧನೆಯಲ್ಲಿ ಬೆಂಬಲವಿಲ್ಲ. ಹೀಗಿರುವಾಗ ‘ಒಂಟಿತನ ಇದೆ, ಅದಕ್ಕೇ ಕಾಲ್ಪನಿಕ ಗೆಳೆಯ ಬಂದ’ ಎಂಬ ಸರಳ ಸೂತ್ರವನ್ನು ಈ ಚಿತ್ರದ ಮೇಲೆ ಹೇರುವಾಗ ಎಚ್ಚರವಿರಲಿ. ನನ್ನನ್ನು ಹೆಚ್ಚು ಸೆಳೆದದ್ದು ಅವರ ಇನ್ನೊಂದು ಮಾತು. ಮಕ್ಕಳ ಕಾಲ್ಪನಿಕ ಗೆಳೆಯರು ಅನೇಕ ವೇಳೆ ಹೇಳಿದ ಮಾತು ಕೇಳುವುದಿಲ್ಲ. ಕರೆದಾಗ ಬರುವುದಿಲ್ಲ, ಬೇಡವೆಂದಾಗ ಹೋಗುವುದಿಲ್ಲ, ಜಗಳಕ್ಕೆ ನಿಲ್ಲುತ್ತಾರೆ, ತಮ್ಮದೇ ನಡೆಯಬೇಕೆಂದು ಹಟ ಹಿಡಿಯುತ್ತಾರೆ. ತಾನೇ ಸೃಷ್ಟಿಸಿದವನು ತನ್ನ ಮಾತನ್ನೇ ಕೇಳುತ್ತಿಲ್ಲವೆಂದು ಮಗು ಗಂಭೀರವಾಗಿ ದೂರುತ್ತದೆ.

ಕಾರ್ಲ್‌ಸನ್ನನ ನಡವಳಿಕೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಛಾವಣಿಗೆ ಹೋದೊಡನೆ ತಾನು ಜಗತ್ತಿನಲ್ಲೇ ಅತಿ ದೊಡ್ಡ ರೋಗಿಯೆಂದು ಮಲಗಿಬಿಡುತ್ತಾನೆ, ತನ್ನ ಕಾಯಿಲೆಗೆ ಜಾಮೇ ಔಷಧಿ ಎನ್ನುತ್ತಾನೆ. ಉಪಚಾರ ಮಾಡಬೇಕಾದವನು ಹುಡುಗ. ಹುಡುಗನ ಕಷ್ಟವನ್ನು ಕಾರ್ಲ್‌ಸನ್ ಒಮ್ಮೆಯೂ ಮನಸ್ಸಿಟ್ಟು ಕೇಳುವುದಿಲ್ಲ. ಸಾಧಾರಣ ಚಿತ್ರವಾಗಿದ್ದರೆ ಒಂಟಿ ಮಗುವಿಗೆ ತಲೆ ನೇವರಿಸುವ ಮೃದು ಸ್ವಭಾವದ ಗೆಳೆಯನನ್ನು ಕೊಡುತ್ತಿತ್ತು. ಆದರೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾಗಿ, ಸದಾ ಉಪಚಾರ ಮಾಡಿಸಿಕೊಳ್ಳುವ ಮಗುವಿಗೆ ಬೇಕಾಗಿರುವುದು ತಾನು ಉಪಚಾರ ಮಾಡಬಹುದಾದ ಒಬ್ಬ ವ್ಯಕ್ತಿ. ಅವನು ನಾಯಿಮರಿಗಾಗಿ ಹಂಬಲಿಸುವುದೂ ಅದೇ ಕಾರಣಕ್ಕೆ. ಆ ಜಾಗಕ್ಕೆ ಕಾರ್ಲ್‌ಸನ್ ಬಂದು ಕುಳಿತನೆಂದು ನಾನು ಓದುತ್ತೇನೆ.

ಬಾಲ್ಟಿಕ್‌ದಂಡೆ

ಸ್ಟಾಕ್‌ಹೋಮಿನಲ್ಲಿ ನೆಲೆಸಿರುವ ಕನ್ನಡಿಗನಾಗಿ ಮೂಲ ಪುಸ್ತಕದ ಕಡೆಯಿಂದ ಕೆಲವು ಮಾತುಗಳನ್ನು ಹೇಳುತ್ತೇನೆ. ಕಥೆ ನಡೆಯುವ ವಾಸಾಸ್ತಾನ್ ಬಡಾವಣೆಯಲ್ಲೇ, ದಾಲಗಾತನ್ ಬೀದಿಯ 46ನೇ ಸಂಖ್ಯೆಯ ಕಟ್ಟಡದಲ್ಲಿ ಲಿಂಡ್‌ಗ್ರೆನ್ ದಶಕಗಳ ಕಾಲ ವಾಸವಾಗಿದ್ದರು. ಒಂದಕ್ಕೊಂದು ಅಂಟಿಕೊಂಡ ಐದಾರು ಅಂತಸ್ತಿನ ಕಟ್ಟಡಗಳು, ಮೇಲೆ ಇಳಿಜಾರು ತಗಡಿನ ಛಾವಣಿ, ಸಾಲುಸಾಲು ಹೊಗೆಗೂಡುಗಳು. ಆ ಹೊಗೆಗೂಡುಗಳ ಹಿಂದೆ ಒಂದು ಪುಟ್ಟ ಮನೆಯಿದ್ದರೂ ಕೆಳಗಿನ ಬೀದಿಯಲ್ಲಿ ನಡೆಯುವವರಿಗೆ ಖಂಡಿತ ಕಾಣುವುದಿಲ್ಲ.

ಕಾಲ್ಪನಿಕ ಗೆಳೆಯನ ಪ್ರಶ್ನೆಗೆ ಕಾರ್ಲ್‌ಸನ್ನನ ಪೂರ್ವಜನೇ ಒಂದು ಉತ್ತರ ಕೊಡುತ್ತಾನೆ. ಲಿಂಡ್‌ಗ್ರೆನ್ ಅವರ ಮಗಳು ಕಾರಿನ್ ಚಿಕ್ಕವಳಿದ್ದಾಗ, ತಾನೊಬ್ಬಳೇ ಕೋಣೆಯಲ್ಲಿದ್ದಾಗ ಮಾತ್ರ ಹಾರಿ ಬರುವ ಲಿಲ್ಯೋನ್‌ಕ್ವಾಸ್ಟ್ ಎಂಬ ಮುದುಕನೊಬ್ಬನ ಬಗ್ಗೆ ಹೇಳುತ್ತಿದ್ದಳು. ಅವನನ್ನೇ ಲಿಂಡ್‌ಗ್ರೆನ್ 1949ರ ಸಂಕಲನದ ಒಂದು ಕಥೆಗೆ ತಂದರು. ಕಾಲಿನ ತೊಂದರೆಯಿಂದ ಹಾಸಿಗೆ ಹಿಡಿದ ಹುಡುಗನೊಬ್ಬನನ್ನು ಅವನು ಪ್ರತಿ ಮುಸ್ಸಂಜೆ ಕಿಟಕಿಯಿಂದ ಹಾರಿಸಿಕೊಂಡು ಹೋಗುತ್ತಾನೆ. ಈ ಲಿಲ್ಯೋನ್‌ಕ್ವಾಸ್ಟ್ ಬಹಳ ಸಾಧು, ಬಹಳ ದಯಾಳು. ಅದೇ ಹಾರುವ ಅತಿಥಿ ಆರು ವರ್ಷಗಳ ನಂತರ ಹೊಟ್ಟೆಬಾಕನಾಗಿ, ಬಡಾಯಿಕೋರನಾಗಿ, ಸುಳ್ಳುಗಾರನಾಗಿ ಮರಳಿ ಬಂದ. ಚಿಣ್ಣರಲೋಕ ಅವರು ಹೇಳಿದ ತಲೆ ನೇವರಿಸುವ ಗೆಳೆಯನನ್ನು ಲಿಂಡ್‌ಗ್ರೆನ್ ಆಗಲೇ ಒಮ್ಮೆ ಬರೆದು ಮುಗಿಸಿದ್ದರು ಎಂದಾಯಿತು.

ಪುಸ್ತಕದ ಹುಡುಗನಿಗೆ ಏಳು ವರ್ಷ, ಅಣ್ಣ ಮತ್ತು ಅಕ್ಕ ಇಬ್ಬರೂ ಅವನಿಗಿಂತ ಬಹಳ ದೊಡ್ಡವರು. ಅಣ್ಣ ಬೂಸ್ಸೆಯ ಹಳೆಯ ವಸ್ತುಗಳೆಲ್ಲ ತನ್ನ ಪಾಲಿಗೇ ಬರುವುದನ್ನು ಕಂಡ ಹುಡುಗ, ಮುಂದೆ ಅಣ್ಣ ಸತ್ತರೆ ಅವನ ಹೆಂಡತಿಯನ್ನೂ ತಾನೇ ಮದುವೆಯಾಗಬೇಕಾದೀತೇ ಎಂದು ತಾಯಿಯನ್ನು ಕೇಳುತ್ತಾನೆ. ನಗು ಬರುವ ಮಾತು ನಿಜ, ಆದರೆ ಹೊಸದಾಗಿ ತನ್ನದೇ ಆದ ಒಂದು ವಸ್ತುವೂ ಇಲ್ಲದ ಮಗುವಿನ ಅಳಲು ಅದರೊಳಗಿದೆ. ಕಾರ್ಲ್‌ಸನ್ ಒಬ್ಬನೇ ಅವನಿಗೆ ಬೇರೆಯವರು ಬಳಸಿ ಕೊಟ್ಟದ್ದಲ್ಲ.

ಇಲ್ಲಿನ ಜನರಿಗೆ ಕಾರ್ಲ್‌ಸನ್ ಎಂದರೆ ಅಂಥ ವಿಶೇಷ ಪ್ರೀತಿಯೇನೂ ಇಲ್ಲ. ಸ್ವಾರ್ಥಿ, ಮೋಸಗಾರ, ಮಕ್ಕಳನ್ನು ಹಾಳುಮಾಡುವವನು ಎನ್ನುವವರೂ ಸಿಗುತ್ತಾರೆ. 1974ರಲ್ಲಿ ಇಲ್ಲಿಯೇ ನಟರನ್ನಿಟ್ಟುಕೊಂಡು ತೆಗೆದ ಚಲನಚಿತ್ರವನ್ನು ನೋಡಿದರೆ ಆ ಅಸಹನೆಗೆ ಕಾರಣ ಅರ್ಥವಾಗುತ್ತದೆ. ನಿಜವಾದ ಶರೀರದಲ್ಲಿ ಈ ಪಾತ್ರ ಕಿರಿಕಿರಿ ಹುಟ್ಟಿಸುತ್ತದೆ, ಗೆರೆಯಲ್ಲಿ ಮಾತ್ರ ಕ್ಷಮೆಗೆ ಅರ್ಹವಾಗುತ್ತದೆ. ರಷ್ಯನ್ನರಿಗಾದರೋ ಅವನು ಮನೆಮಗ. ಇಲ್ಲಿ ಪರಿಚಯವಾದ ರಷ್ಯನ್ ಸಹೋದ್ಯೋಗಿಗಳಿಗೆ ಅವನ ಮಾತುಗಳು ಬಾಯಿಪಾಠ.

ಗೆರೆಗಾರ

ರಷ್ಯನ್ನರ ಆ ಪ್ರೀತಿಯಲ್ಲಿ ಅರ್ಧ ಪಾಲು ವಸೀಲಿ ಲಿವಾನೊವ್ ಅವರ ಕಂಠಕ್ಕೆ ಸಲ್ಲಬೇಕು. ಮುಂದೆ ಸೋವಿಯತ್ ಟೆಲಿವಿಷನ್ನಿನಲ್ಲಿ ಷರ್ಲಾಕ್ ಹೋಮ್ಸ್ ಪಾತ್ರದಿಂದ ಲೋಕಪ್ರಸಿದ್ಧರಾದವರು ಇವರೇ. ಗ್ರಿಗೋರಿ ರೊಶಾಲ್ ಎಂಬ ಹಿರಿಯ ಚಲನಚಿತ್ರ ನಿರ್ದೇಶಕರ ಮಾತಿನ ಧಾಟಿಯನ್ನು ಅನುಕರಿಸಿ ಅವರು ಕಾರ್ಲ್‌ಸನ್ನನ ದನಿಯನ್ನು ಕಟ್ಟಿದರು. ಆ ಗೊಗ್ಗರು ದನಿಯ ಎದುರಿಗೆ ಕ್ಲಾರಾ ರುಮ್ಯಾನೊವಾ ಅವರ ತೆಳುವಾದ, ಸ್ವಲ್ಪ ಬಿರುಕುಬಿಟ್ಟಂಥ ಮಗುವಿನ ದನಿಯನ್ನು ಇಟ್ಟಿದ್ದಾರೆ. ಕಣ್ಣು ಮುಚ್ಚಿಕೊಂಡು ಬರೀ ಧ್ವನಿಯನ್ನು ಕೇಳಿ. ಒಬ್ಬನು ಒಂದೇ ಸಮನೆ ಘೋಷಿಸುತ್ತಿರುತ್ತಾನೆ, ಇನ್ನೊಬ್ಬನು ಪ್ರತಿ ಸಲವೂ ಅನುಮತಿ ಕೇಳುವವನಂತೆ ಮಾತಾಡುತ್ತಾನೆ. ಮಗು ಕಲ್ಪಿಸಿಕೊಂಡ ಗೆಳೆಯನಿಗೆ ದೊಡ್ಡವರ ದನಿಯೇ ಇರುವುದು ನನಗಂತೂ ಬಹಳ ಅರ್ಥಪೂರ್ಣವಾಗಿ ಕಂಡಿತು. ಆ ಮನೆಯಲ್ಲಿ ಘೋಷಿಸುವ ಹಕ್ಕಿರುವುದು ದೊಡ್ಡವರಿಗೆ ಮಾತ್ರ.

ಪುಸ್ತಕದಂಗಡಿ

ಸೋವಿಯತ್ ಮಕ್ಕಳ ಪುಸ್ತಕಗಳನ್ನು ನವಕರ್ನಾಟಕದ ಮಳಿಗೆಗಳಲ್ಲಿಯೂ ಪ್ರದರ್ಶನಗಳಲ್ಲಿಯೂ ಕೈಗೆಟಕುವ ಬೆಲೆಗೆ ಕೊಂಡು ಬೆಳೆದ ತಲೆಮಾರಿನವನು ನಾನು. ಆ ಪುಸ್ತಕಗಳಲ್ಲಿ ಮಕ್ಕಳು ಬಹುಪಾಲು ಗುಂಪಿನಲ್ಲೇ ಇರುತ್ತಿದ್ದರು. ಶಿಬಿರ, ಶಾಲೆ, ತಂಡ, ಎಲ್ಲರೂ ಸೇರಿ ಮಾಡಿದ ಒಳ್ಳೆಯ ಕೆಲಸ. ಅಂಥ ವಾತಾವರಣದಿಂದಲೇ ಹೊರಬಂದ ಈ ಚಿತ್ರದಲ್ಲಿ ಹುಡುಗ ಯಾವ ಗುಂಪಿಗೂ ಸೇರಿದವನಲ್ಲ, ಅವನ ಗೆಳೆಯ ಯಾವ ಒಳ್ಳೆಯ ಕೆಲಸವನ್ನೂ ಮಾಡುವುದಿಲ್ಲ, ಹುಡುಗನಿಗೆ ಒಂದೇ ಒಂದು ನೀತಿಪಾಠವೂ ಸಿಗುವುದಿಲ್ಲ. ಕಥೆ ಪರದೇಶದ್ದು ಎಂಬ ಮರೆ ಇದ್ದದ್ದರಿಂದ ಇಷ್ಟೆಲ್ಲ ಸಾಧ್ಯವಾಯಿತೇನೋ ಎಂಬುದು ನನ್ನ ಊಹೆ. ರಷ್ಯನ್ ಭಾಷೆಗೆ ಪುಸ್ತಕವನ್ನು 1957ರಲ್ಲೇ ತಂದ ಲಿಲಿಯಾನಾ ಲುಂಗಿನಾ ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು.

ತುಂಗಾತೀರ

ಎಲ್ಲವನ್ನೂ ಓದಿದೆ. ಹಾಗಾದರೆ ಎರಡನೆಯ ಚಿತ್ರವನ್ನು ಏನು ಮಾಡುತ್ತೀರಿ? ಇದೇ ತಂಡ 1970ರಲ್ಲಿ ಮಾಡಿದ ‘ಕಾರ್ಲ್‌ಸನ್ ಮರಳಿ ಬಂದ’ ಚಿತ್ರದಲ್ಲಿ ಫ್ರೆಕೆನ್ ಬೋಕ್ ಎಂಬ ದರ್ಪದ ಮನೆಗೆಲಸದಾಕೆ ಬರುತ್ತಾಳೆ. ಕಾರ್ಲ್‌ಸನ್ ಅವಳನ್ನು ಪೀಡಿಸುತ್ತಾನೆ, ಅವಳು ಅವನನ್ನು ಕಣ್ಣೆದುರಿಗೇ ನೋಡುತ್ತಾಳೆ, ಕೊನೆಗೆ ಸ್ನೇಹವನ್ನೂ ಬೆಳೆಸುತ್ತಾಳೆ. ಕಾರ್ಲ್‌ಸನ್ ಕಲ್ಪನೆಯೆಂಬ ವಾದ ಅಲ್ಲಿಗೆ ಮುಗಿಯಬೇಕಲ್ಲವೇ?

ಚಿಣ್ಣರಲೋಕ

ಎರಡನೆಯದು ಬೇರೆ ಜಾತಿಯ ಚಿತ್ರ. ಫಾಯಿನಾ ರಾನೆವ್‌ಸ್ಕಾಯಾ ಎಂಬ ಮಹಾನಟಿ ಫ್ರೆಕೆನ್ ಬೋಕ್‌ಗೆ ದನಿ ಕೊಟ್ಟ ಮೇಲೆ ಚಿತ್ರ ಸಹಜವಾಗಿಯೇ ಅವಳ ಕಡೆಗೆ ವಾಲಿತು. ಹುಡುಗ ಅಲ್ಲಿ ಬದಿಗೆ ಸರಿದು ನಿಂತು, ಇಬ್ಬರು ದೊಡ್ಡವರ ಜಗಳ ನೋಡುವ ಪ್ರೇಕ್ಷಕನಾಗುತ್ತಾನೆ. ಅದರ ಹಾಸ್ಯ ಮೊದಲನೆಯದಕ್ಕಿಂತ ಮೊನಚಾಗಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕುತೂಹಲದ ಅಂಶವೊಂದಿದೆ. ಕಾರ್ಲ್‌ಸನ್ನನನ್ನು ನೋಡಬಲ್ಲ ಆ ಏಕೈಕ ದೊಡ್ಡ ವ್ಯಕ್ತಿ ಯಾರು? ಗಂಡನಿಲ್ಲದ, ಮಕ್ಕಳಿಲ್ಲದ, ಬೆಕ್ಕೊಂದನ್ನು ಸಂಗಾತಿಯಾಗಿ ಕರೆತಂದು ಪರರ ಮನೆಯಲ್ಲಿ ದುಡಿಯುವ ಹೆಂಗಸು. ಪ್ರೀತಿಯ ತಂದೆತಾಯಿಗೆ ಕಾಣದವನು ಆ ಮನೆಯ ಇನ್ನೊಬ್ಬ ಒಂಟಿ ಜೀವಕ್ಕೆ ಕಾಣಿಸಿಕೊಳ್ಳುತ್ತಾನೆ. ತುಂಗಾತೀರ ಅವರ ಆಕ್ಷೇಪಣೆಯೇ ನಮ್ಮ ವಾದವನ್ನು ಇನ್ನಷ್ಟು ಗಟ್ಟಿಮಾಡಿತು ಎಂದರೆ ಬೇಸರಿಸಬೇಡಿ.

ತುಂಗಾತೀರ

ಬೇಸರವೇನಿಲ್ಲ, ಆದರೆ ಒಪ್ಪಿಗೆಯೂ ಇಲ್ಲ. ಹೀಗೆ ವಾದಿಸುತ್ತ ಹೋದರೆ ಕಾರ್ಲ್‌ಸನ್ ನಿಜವೆಂದು ಸಾಧಿಸುವ ಪುರಾವೆಯೇ ಇರಲಾರದು. ಅವನನ್ನು ಕಂಡವರನ್ನೆಲ್ಲ ನೀವು ಒಂಟಿಗಳ ಪಟ್ಟಿಗೆ ಸೇರಿಸಿಬಿಡುತ್ತೀರಿ. ನನಗೆ ಕಾಡುವುದು ಬೇರೆಯದೇ ಪ್ರಶ್ನೆ. ನಾಯಿಮರಿ ಸಿಕ್ಕಿತೆಂದು ಕಾರ್ಲ್‌ಸನ್ ಏಕೆ ಹೋಗಬೇಕು? ಪುಸ್ತಕದಲ್ಲಿ ಬಿಂಬೊ ಎಂಬ ನಾಯಿಮರಿ ಬಂದ ಮೇಲೂ ಅವನು ಹುಟ್ಟುಹಬ್ಬದ ಮೇಜಿನ ಬಳಿಯೇ ಕುಳಿತು ಕೇಕು ತಿನ್ನುತ್ತಿರುತ್ತಾನಲ್ಲ.

ಹಳೇರೀಲು

ಈ ಪ್ರಶ್ನೆಗೆ ಉತ್ತರ ಚಿತ್ರದ ಮೊದಲ ಭಾಗದಲ್ಲಿದೆ ಎಂದು ನನಗೆ ತೋರುತ್ತದೆ. ಎಷ್ಟೇ ದುಡ್ಡು ಕೊಟ್ಟರೂ ನಿನ್ನನ್ನು ಬಿಟ್ಟುಕೊಡುವುದಿಲ್ಲ ಎಂಬರ್ಥದ ಸಮಾಧಾನದ ಮಾತನ್ನು ಹುಡುಗ ಮನೆಯವರಿಂದ ಕೇಳುತ್ತಾನೆ. ಲಕ್ಷ ಮಿಲಿಯನ್ ಕೊಟ್ಟರೂ ಬಿಟ್ಟುಕೊಡುವುದಿಲ್ಲವೇ ಎಂದು ಖಚಿತಪಡಿಸಿಕೊಳ್ಳುತ್ತಾನೆ. ಆಮೇಲೆ, ನನ್ನ ಬೆಲೆ ಅಷ್ಟೊಂದಿದ್ದರೆ ಅದರಲ್ಲಿ ಸ್ವಲ್ಪವನ್ನು ಈಗಲೇ ನಗದಾಗಿ ಕೊಡಿ, ನಾಯಿಮರಿ ಕೊಳ್ಳುತ್ತೇನೆ ಎನ್ನುತ್ತಾನೆ. ದೊಡ್ಡವರ ಪ್ರೀತಿಯ ಮಾತನ್ನು ಮಗುವೊಂದು ಲೆಕ್ಕಕ್ಕೆ ಹಚ್ಚಿ ಪರೀಕ್ಷಿಸುವ ಈ ಸನ್ನಿವೇಶ ಪುಸ್ತಕದಲ್ಲೂ ಇದೆ. ಉತ್ತರ ಕೊಡಲು ಮನೆಯವರಿಗೆ ಆಗುವುದಿಲ್ಲ. ಮಾತಿನಲ್ಲಿ ಲಕ್ಷ ಮಿಲಿಯನ್ ಇದೆ, ಕೈಯಲ್ಲಿ ನಾಯಿಮರಿ ಇಲ್ಲ.

ಇತ್ತ ಕಾರ್ಲ್‌ಸನ್, ಹುಡುಗನ ಬಾಯಲ್ಲಿ ನಾಯಿಯ ಮಾತು ಬಂದೊಡನೆ, ನಾಯಿಗಿಂತ ನಾನು ಮೇಲಲ್ಲವೇ ಎಂದು ಕೇಳುತ್ತಾನೆ. ಬಡಾಯಿಕೋರನ ದನಿ ಮೊದಲ ಬಾರಿಗೆ ಇಳಿಯುವುದು ಅಲ್ಲಿ. ತಂದೆತಾಯಿಯ ಮುಂದೆ ತಾನಿಟ್ಟ ಪ್ರಶ್ನೆಯನ್ನೇ ಹುಡುಗ ಈಗ ಇನ್ನೊಬ್ಬನ ಬಾಯಲ್ಲಿ ಕೇಳಬೇಕಾಗಿ ಬಂದಿದೆ, ನನ್ನ ಬೆಲೆ ನಿನಗೆಷ್ಟು ಎಂಬ ಪ್ರಶ್ನೆಯನ್ನು. ಹುಟ್ಟುಹಬ್ಬದ ದಿನ ನಾಯಿಮರಿ ಬೊಗಳಿದಾಗ ಅವನೂ ಮನೆಯವರಂತೆಯೇ ಉತ್ತರಿಸಲಾರದೆ ಹೋಗುತ್ತಾನೆ. ಎಂಟು ಮೇಣದಬತ್ತಿ, ಒಂದು ಕೇಕು ಇರುವುದಕ್ಕಿಂತ ಎಂಟು ಕೇಕು, ಒಂದು ಮೇಣದಬತ್ತಿ ಇದ್ದರೆ ಎಷ್ಟು ಚೆನ್ನ ಎಂದು ಆಗತಾನೇ ಹೇಳುತ್ತಿದ್ದ ಕಾರ್ಲ್‌ಸನ್ನನಿಗೆ ಆ ಮನೆಯಲ್ಲಿ ಇನ್ನು ಜಾಗವಿಲ್ಲ. ಸಾಕಲು ಒಂದು ಜೀವ ಸಿಕ್ಕಿದ್ದರಿಂದ ಕಾಲ್ಪನಿಕ ಗೆಳೆಯನ ಕೆಲಸ ಮುಗಿಯಿತೆಂದು ಓದಿದರೂ ಸರಿ, ನಿಜವಾದ ಗೆಳೆಯನೊಬ್ಬನಿಗೆ ನೋವಾಯಿತೆಂದು ಓದಿದರೂ ಸರಿ, ದೃಶ್ಯದಲ್ಲಿ ಒಂದು ಗೆರೆಯನ್ನೂ ಬದಲಿಸಬೇಕಾಗುವುದಿಲ್ಲ.

ಬಾಲ್ಟಿಕ್‌ದಂಡೆ

ಮಕ್ಕಳಿಗೆ ತೋರಿಸುವವರು ಇದ್ದರೆ ಒಂದು ಸಲಹೆ ಕೊಡುತ್ತೇನೆ. ಎರಡೂ ಚಿತ್ರಗಳನ್ನು ಒಂದೇ ದಿನ ಬೆನ್ನುಬೆನ್ನಿಗೆ ತೋರಿಸಬೇಡಿ. 1968ರ ಪ್ರೇಕ್ಷಕರು ಅವನು ಮರಳುವುದನ್ನು ನೋಡಲು 1970ರವರೆಗೆ ಕಾದಿದ್ದರು. ನಮ್ಮ ಮನೆಯ ಮಕ್ಕಳಿಗೆ ಒಂದು ವಾರವಾದರೂ ಕಾಯುವುದು ಒಳ್ಳೆಯದು. ಆ ನಡುವೆ ಅವನು ಎಲ್ಲಿಗೆ ಹೋದ, ನಿಜವಾಗಿ ಇದ್ದನೇ ಎಂದು ಅವರೇ ಜಗಳವಾಡಿಕೊಳ್ಳಲಿ. ತುಂಗಾತೀರ ಅವರ ಪಕ್ಷಕ್ಕೆ ಅಲ್ಲಿ ಬಹುಮತ ಸಿಗುವ ಸಂಭವವೇ ಹೆಚ್ಚು.